ಚಿಕ್ಕೋಡಿಯ ಹಲ್ಲಿನ ಅಕ್ಕಾರು

ನಾನು ಮೊದಲ ಸಲ ನೋಡಿದಾಗ ಪದ್ಮಕ್ಕ ತಮ್ಮದೇ ದವಾಖಾನೆಯ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದ್ದರು. ತಲೆಗೆ ಹಳದಿ ಪಟಗಾ ಸುತ್ತಿದ್ದ ಮುದುಕರೊಬ್ಬರು ಹಿಡಿಕೆಯಿದ್ದ ಪುಟ್ಟ ಕನ್ನಡಿಯನ್ನು ಅವರ ಬಾಯೊಳಗೆ ಇಳಿಸಿ, ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ ಆ ಕಡೆ ಈ ಕಡೆ ಇಣುಕುತ್ತಿದ್ದರು.

ಹಲ್ಲಿನ ಡಾಕ್ಟರಿಕೆ ಪಾಸು ಮಾಡಿ, ಕೆಲಸ ಕೇಳಿಕೊಂಡು ರಾಯಬಾಗದಿಂದ ಚಿಕ್ಕೋಡಿಗೆ ಬಂದಿದ್ದ ನಾನು ಬಾಗಿಲಲ್ಲೇ ನಿಂತೆ. ಮುದುಕರ ಧೋತರದ ಅಂಚಿಗೆ ಕಬ್ಬಿನ ಹೊಲದ ಕೆಸರು ಮೆತ್ತಿತ್ತು. ಇರಲಿ, ಡಾಕ್ಟರಿಗೆ ಹೊಲ ಇರಬಾರದೇನು ಎಂದುಕೊಂಡು ಎರಡೂ ಕೈ ಜೋಡಿಸಿ, "ನಮಸ್ಕಾರ್ರಿ ಡಾಕ್ಟರ ಸಾಹೇಬ್ರ. ಫೋನ್ ಮಾಡಿದ್ದೆನಲ್ರಿ, ಕೆಲಸದ ಸಲುವಾಗಿ" ಎಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ತಡಿಯೋ ತಮ್ಮಾ. ಇಲ್ಲೆ ಒಂದ ಹಲ್ಲ ಕರ್ರಗ ಕಾಣಾಕತ್ತೈತಿ" ಎಂದರು.

ಕುರ್ಚಿಯಲ್ಲಿದ್ದ ಹೆಂಗಸು ದಡಕ್ಕನೆ ಎದ್ದು ಕೂತರು. "ಖರೇನ? ಯಾವ ಹಲ್ಲರಿ ಕಾಕಾ?"

"ಎಡಕಿನ ದವಡಿ, ಕಡೇದು. ಹುಳಕ ಬಿದ್ದೈತಿ. ಕೀಳಸಿ ಬಿಡ್ರಿ."

"ಕೀಳಸಬೇಕಂತೀರಿ?"

"ಮತ್ತ? ಹುಳಕ ಹಲ್ಲ ಇಟಗೊಂಡ ಏನ ಮಾಡತೀರಿ?"

"ನೋವಾಗತೈತಲ್ರಿ."

"ಏ, ಎಷ್ಟೊತ್ತಿಂದರಿ ನೋವು! ಒಂದ ಗಳಿಗಿ. ಅಂಜಿಕೊಂಡ ಕುಂತ್ರ ಹ್ಯಾಂಗ?"

ಇಷ್ಟು ಹೇಳಿ ಮುದುಕರು ಗಪ್ಪಾದರು. ತಮ್ಮ ಬಾಯಿಂದ ಏನು ಬಂತು ಎಂಬುದು ಅವರಿಗೇ ಆಗ ಕೇಳಿಸಿದ ಹಾಗಿತ್ತು. ಹೆಂಗಸು ಕುರ್ಚಿಯಿಂದ ಇಳಿದು, ಸೆರಗು ಸರಿಮಾಡಿಕೊಂಡು, ಗೋಡೆಗೆ ತೂಗುಹಾಕಿದ್ದ ಬಿಳಿ ಕೋಟು ತೊಟ್ಟರು. "ಹಂಗಾದ್ರ ಈಗ ನೀವು ಕುಂದರ್ರಿ ಕಾಕಾ" ಎಂದರು. ಮುದುಕರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾನು ನಿಂತಿದ್ದೆ. ಆಮೇಲೆ ಕುರ್ಚಿಯ ಕಡೆ ನೋಡಿದರು. ಆಡಿದ ಮಾತಿನ ಮರ್ಯಾದೆ ದೊಡ್ಡದು. ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು.

ಅವರು ಅಲಖನೂರಿನ ರೈತರು. ಹಲ್ಲು ಕೀಳಿಸಿಕೊಂಡು ಹೋಗುವಾಗ ಬಾಯಲ್ಲಿ ಹತ್ತಿಯುಂಡೆ ಇದ್ದರೂ ಬಿಡದೆ, ಪದ್ಮಕ್ಕನ ಎಡದವಡೆ ತೋರಿಸಿ "ಮರೀಬ್ಯಾಡ್ರಿ" ಎಂದು ಸನ್ನೆ ಮಾಡಿಯೇ ಹೋದರು. ಅವರು ಹೋದ ಮೇಲೆ ಪದ್ಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾಗ ನಮಸ್ಕಾರ ಮಾಡಿದ್ಯಲ್ಲ, ನನಗ?" ಎಂದು ನಕ್ಕರು. ಆ ನಗೆ ರಸ್ತೆಯ ಆಚೆಗಿನ ಅರಿವೆ ಅಂಗಡಿಯವರನ್ನೂ ಹೊರಗೆ ಇಣುಕುವಂತೆ ಮಾಡಿತು. ನಾನು ಅವರಿಗೂ ನಮಸ್ಕಾರ ಮಾಡಿದೆ. ಅವತ್ತೇ ಕೆಲಸಕ್ಕೆ ಸೇರಿದೆ.

ಹೆದರಿದವರು ಬಂದಾಗ ಪದ್ಮಕ್ಕ ಮಾಡುತ್ತಿದ್ದದ್ದು ಇದನ್ನೇ. ಮೊದಲು ತಾವು ಕುರ್ಚಿಯಲ್ಲಿ ಮಲಗುವರು, ಅವರ ಕೈಗೆ ಕನ್ನಡಿ ಕೊಡುವರು. ಎಲ್ಲರೂ ಆ ಎಡದವಡೆಯ ಕಪ್ಪನ್ನೇ ಹಿಡಿಯುತ್ತಿದ್ದರು. ಅದು ಹುಳುಕಲ್ಲ, ಎಂದೋ ತುಂಬಿಸಿಕೊಂಡ ಬೆಳ್ಳಿ ಬಣ್ಣದ ಲೋಹ ಹಳತಾಗಿ ಕಪ್ಪಾಗಿದ್ದು. "ತೆಗೆದು ಬಿಳೀದು ತುಂಬಿಕೊಡಲೇನ್ರಿ ಅಕ್ಕಾ?" ಎಂದು ನಾನೊಮ್ಮೆ ಕೇಳಿದ್ದೆ. "ಬ್ಯಾಡ ತಮ್ಮಾ. ಪಾಪ, ಮಂದಿಗೆ ಹುಡಕಾಕ ಏನರ ಇರಬೇಕಲ್ಲ" ಎಂದರು.

ಊರಿಗೆಲ್ಲ ಅವರು 'ಹಲ್ಲಿನ ಅಕ್ಕಾರು'. ಕುಳ್ಳಗೆ, ದುಂಡಗೆ ಇದ್ದರು. ಸೀರೆಯ ಮೇಲೆ ಬಿಳಿ ಕೋಟು, ಕೋಟಿನ ಮೇಲೆ ಸರಪಳಿಗೆ ಜೋತ ಕನ್ನಡಕ. ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿದರೂ ಅವರಿಗೆ ಎಟಕುತ್ತಿರಲಿಲ್ಲ. ಅದಕ್ಕೆಂದೇ ಬಡಗಿಯಿಂದ ಒಂದು ಮಣೆ ಮಾಡಿಸಿಕೊಂಡಿದ್ದರು. ಮಣೆ ಹತ್ತಿದರೆಂದರೆ ಹಲ್ಲು ಬಂತೆಂದೇ ಲೆಕ್ಕ. ತವರು ಕಾಗವಾಡ. ಅಲ್ಲಿ ಚಿಕ್ಕವರಿದ್ದಾಗ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಕೂರುತ್ತಿದ್ದನಂತೆ. ಅವ್ವ ಇವರನ್ನು ಅವನ ಮುಂದೆ ಕೂರಿಸಿದಳು. "ನೋಯೋ ಹಲ್ಲ ಬಲಕ್ಕಿತ್ತು. ಅಂವ ಎಡಕಿನ ಹಲ್ಲಿಗೆ ಇಕ್ಕಳ ಹಾಕಿದ. ಅದಲ್ಲೋ ಯಪ್ಪಾ, ಈ ಕಡೇದು ಅಂತ ಹೇಳಬೇಕಂದ್ರ ಬಾಯ್ತುಂಬ ಅವನ ಕೈ! ಛಲೋ ಹಲ್ಲ ಹೋತು. ಆಮ್ಯಾಲ ತಪ್ಪಾತಂತ ನೋಯೋದನ್ನೂ ಕಿತ್ತ. ಮನಿಗೆ ಹೋಗೂಮಟ ನಮ್ಮವ್ವ ಅವನ್ನ ಹೊಗಳಿಕೋಂತ ಬಂದಳು, ಒಂದರ ರೊಕ್ಕದಾಗ ಎರಡ ತಗದಾನಂತ!"

ಈ ಕತೆಯನ್ನು ಅವರು ಹೇಳುತ್ತಿದ್ದ ರೀತಿಗೆ ರೋಗಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಆ ಕತೆಯಿಂದ ಹುಟ್ಟಿದ ಕಟ್ಟಳೆಯೊಂದಿತ್ತು, ಅದನ್ನು ಮಾತ್ರ ಅವರು ನಗೆಗೆ ಬಿಟ್ಟುಕೊಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರು ಕೈ ಎತ್ತಿದರೆ ಕೆಲಸ ನಿಲ್ಲಬೇಕು. ಯಾಕೆ ಎತ್ತಿದಿ ಎಂದು ಬೈಯುವ ಹಾಗಿಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ಈ ಸವಲತ್ತನ್ನು ಚೆನ್ನಾಗಿ ಬಳಸಿಕೊಂಡರು. ಬೇರಿಗೆ ಇಳಿದ ಕೀವು ತೆಗೆಯುವ ಕೆಲಸ, ನಡುನಡುವೆ ಫೋನು. ಕೈ ಎತ್ತುವುದು, ಬಾಯಿಂದ ಎಂಜಲು ಹೀರುವ ಕೊಳವೆ ತೆಗೆಯುವುದು, ಮರಾಠಿಯಲ್ಲಿ ದರ ಹೇಳುವುದು, ಮತ್ತೆ ಬಾಯಿ ತೆರೆಯುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪದ್ಮಕ್ಕ ಮಣೆಯ ಮೇಲೆ ನಿಂತುಕೊಂಡೇ ಪ್ರತಿ ಸಲವೂ ಕಾದರು. ಕೊನೆಯ ಸಲ ವ್ಯಾಪಾರಿ ಫೋನಿಟ್ಟಾಗ, "ಶೇಟಜಿ, ಸೌದಾ ಕುದುರಿತೇನು?" ಎಂದು ಕೇಳಿದರು. "ಕುದುರಿತ್ರಿ." "ಹಂಗಾದ್ರ ಈಗ ನಂದೂ ಒಂಚೂರ ಮುಗಸ್ರಿ." ವ್ಯಾಪಾರಿ ನಕ್ಕು ಫೋನು ಬಂದ್ ಮಾಡಿ, ಹೊರಗೆ ಕೂರುವ ಮಾಲನಬಾಯಿಯ ಕೈಗೆ ಕೊಟ್ಟುಬಿಟ್ಟರು.

ಮಾಲನಬಾಯಿ ಎಂದರೆ ದವಾಖಾನೆಯ ಹೊರಗಿನ ರಾಜ್ಯದ ರಾಣಿ. ನಿಪ್ಪಾಣಿ ಕಡೆಯವಳು, ಮೊದಲು ಬೀಡಿ ಕಟ್ಟುತ್ತಿದ್ದವಳು. ಪಾಳಿಯ ಪ್ರಕಾರ ಒಳಗೆ ಬಿಡುವುದು, ಉಪಕರಣ ಕುದಿಸಿ ಇಡುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು ಅವಳ ಕೆಲಸ. ರಕ್ತ ಕಂಡರೆ ಅವಳಿಗೆ ಆಗದು. ಹಾಗಾಗಿ ಕೈ ಹಿಡಿದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲುತ್ತಿದ್ದಳು.

ಪದ್ಮಕ್ಕನದು ಜೈನರ ಮನೆತನ. ಹೊತ್ತು ಮುಳುಗುವುದರೊಳಗೆ ಊಟವಾಗಬೇಕು. ಸಂಜೆ ಬಿಸಿಲು ಕೆಂಪಾಗುತ್ತಿದ್ದ ಹಾಗೆ ಅವರ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು, ಡಬ್ಬಿ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಾತಾಡುತ್ತಿರಲಿಲ್ಲ. ಒಮ್ಮೆ ಆಕಾಶ ನೋಡುವುದು, ಒಮ್ಮೆ ಹೆಂಡತಿಯನ್ನು ನೋಡುವುದು. "ಬಂದೆನ್ರಿ, ಬಂದೆ. ಸೂರ್ಯಗ ಒಂದೀಟ ತಡಿ ಅನ್ನರಿ" ಎಂದು ಪದ್ಮಕ್ಕ ಒಳಗಿಂದ ಕೂಗುವರು. ಊಟಕ್ಕೆ ಕೂತಾಗ ನಮ್ಮನ್ನೂ ಕೂರಿಸಿಕೊಳ್ಳುವರು. ಡಬ್ಬಿಯಲ್ಲಿ ಉಳ್ಳಾಗಡ್ಡಿಯಿಲ್ಲ, ಬಟಾಟಿಯಿಲ್ಲ, ಗಜ್ಜರಿಯಿಲ್ಲ. "ನೋಡ ತಮ್ಮಾ, ನೆಲದಾಗಿನ ಒಂದ ಬೇರೂ ನಾವು ಮುಟ್ಟಾಂಗಿಲ್ಲ. ಅದರ ಪುಣ್ಯೇನ ಬಂದಿರತೈತಿ, ಅಷ್ಟೂ ನಾ ಇಲ್ಲೆ ಕಳಕೋತೀನಿ. ಮುಂಜಾನಿಂದ ಸಂಜೀತನ ಮಂದೀದ ಬೇರ ಸಮೇತ ಕೀಳೂದ!" ಎಂದು ರೊಟ್ಟಿ ಮುರಿಯುತ್ತ ನಗುವರು. ಮಾಸ್ತರರ ತುಟಿಯ ತುದಿ ಮಾತ್ರ ಸ್ವಲ್ಪ ಮೇಲೇಳುತ್ತಿತ್ತು. ಅವರ ಹಲ್ಲು ಹೇಗಿವೆಯೆಂದು ಲಗ್ನವಾಗಿ ಎಷ್ಟೋ ವರ್ಷ ತಮಗೇ ಗೊತ್ತಿರಲಿಲ್ಲ ಎಂದು ಪದ್ಮಕ್ಕ ಆಣೆ ಮಾಡಿ ಹೇಳುತ್ತಿದ್ದರು.

ನನ್ನ ಕತೆ ಬೇರೆ ಇತ್ತು. ಕಾಲೇಜಿನಲ್ಲಿ ನನ್ನ ಕೈ ಚುರುಕು ಎಂದು ಹೇಳುತ್ತಿದ್ದರು. ಆದರೆ ಹೆದರಿದ ಮುಖವೊಂದು ಎದುರಿಗೆ ಬಂದರೆ ನನಗೇ ಬೆವರು ಇಳಿಯುತ್ತಿತ್ತು. ಅವರು ಕುರ್ಚಿಯ ತೋಳು ಗಟ್ಟಿ ಹಿಡಿದರೆ ನಾನು ಇಕ್ಕಳ ಗಟ್ಟಿ ಹಿಡಿಯುವುದು. ಅದಕ್ಕೆ ನಾನು ರೋಗಿಯ ಮುಖವನ್ನೇ ನೋಡದೆ ಬಾಯೊಳಗೆ ದೃಷ್ಟಿ ನೆಟ್ಟು ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡಿದ್ದೆ. ಆ ರೂಢಿಯೇ ನನ್ನನ್ನು ಒಂದು ದಿನ ಬಸ್ಸು ಹತ್ತಿಸಿತು.

ಅವತ್ತು ರಾಯಬಾಗದಿಂದ ಪೈಲವಾನನೊಬ್ಬ ಬಂದಿದ್ದ, ಸಿದ್ದು ಎಂದು ಹೆಸರು. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುವಂಥ ಆಳು. ಎದೆಯ ಮೇಲೆ ಕಟ್ಟುವ ಟಾವೆಲ್ಲಿನ ದಾರ ಅವನ ಕುತ್ತಿಗೆಗೆ ಸಾಲದೆ ಮಾಲನಬಾಯಿ ತನ್ನ ಚೀಲದ ಲಾಡಿ ಬಿಚ್ಚಿ ಜೋಡಿಸಿದಳು. ಕೆಳದವಡೆಯ ಹಲ್ಲು, ಕೀಳಲೇಬೇಕಿತ್ತು. ಪದ್ಮಕ್ಕ ಇನ್ನೊಬ್ಬರನ್ನು ನೋಡುತ್ತಿದ್ದುದರಿಂದ ಪೈಲವಾನ ನನ್ನ ಪಾಲಿಗೆ ಬಂದ. ಅವನ ಮುಖ ನೋಡದೆ ಜೋಮು ಹಿಡಿಸುವ ಸೂಜಿ ಮಾಡಿದೆ. ತುಟಿ ದಪ್ಪಾದಂತೆ ಅನಿಸುವವರೆಗೆ ಕೂತಿರಿ ಎಂದು ಹೇಳಿ, ಇಕ್ಕಳದ ತಾಟು ತರಲು ಹಿಂದಕ್ಕೆ ತಿರುಗಿದೆ. ತಾಟು ಕೈ ಜಾರಿತು. ನೆಲದ ಫರಸಿಯ ಮೇಲೆ ಕಬ್ಬಿಣವೆಲ್ಲ ಖಣಖಣ ಬಿತ್ತು. ನಾನು ಬಗ್ಗಿ ಆರಿಸಿಕೊಂಡು ಏಳುವಷ್ಟರಲ್ಲಿ ಕುರ್ಚಿ ಖಾಲಿ.

"ಪಳಾಲಾ! ಪಳಾಲಾ! ಓಡ್ಯಾನ್ರಿ ಅಕ್ಕಾ!" ಎಂದು ಮಾಲನಬಾಯಿ ಕಿರುಚಿದಳು.

ಪದ್ಮಕ್ಕ ಮಣೆಯಿಂದ ಹಾರಿದರು. ತಮ್ಮ ಕುರ್ಚಿಯಲ್ಲಿದ್ದವರಿಗೆ "ಬಾಯಿ ಮುಚಗೊಂಡ ಕುಂದರ್ರಿ, ಬಂದೆ" ಎಂದವರೇ ಬೀದಿಗಿಳಿದರು. ನಾನೂ ಓಡಿದೆ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಮುಂದೆ ಪೈಲವಾನ, ಎದೆಯ ಮೇಲೆ ಹಾರುವ ಟಾವೆಲ್ಲು. ಅವನ ಹಿಂದೆ ಸೀರೆಯ ನೆರಿಗೆ ಎತ್ತಿ ಹಿಡಿದ ಪದ್ಮಕ್ಕ. ಅವರ ಹಿಂದೆ ರಬ್ಬರ್ ಕೈಗವಸು ತೊಟ್ಟ ನಾನು. ಪೈಲವಾನ ಹೊರಟು ನಿಂತಿದ್ದ ರಾಯಬಾಗದ ಬಸ್ಸಿಗೆ ಹಾರಿದ. ಬಸ್ಸು ಚಲಿಸತೊಡಗಿತ್ತು. ಪದ್ಮಕ್ಕ ಕೈ ಮಾಡಿದರು. ಅಕ್ಕಾರನ್ನು ಕಂಡ ಡ್ರೈವರ್ ನಿಲ್ಲಿಸಿಯೇಬಿಟ್ಟ. ಇಬ್ಬರೂ ಹತ್ತಿದೆವು.

ಒಳಗೆ ಆಗಲೇ ಗದ್ದಲ ಎದ್ದಿತ್ತು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ ಪೈಲವಾನನ ಅರ್ಧ ತುಟಿಗೆ ಜೋಮು ಹಿಡಿದಿದೆ, "ಲಾಯ್ವಾವ" ಎನ್ನುತ್ತಾನೆ. "ಅದೆಲ್ಲೈತೋ ಮಾರಾಯಾ ಆ ಊರು?" ಎಂದು ಕಂಡಕ್ಟರ್. "ಮುಂಜಮುಂಜಾನೆ ಕುಡದ ಬಂದಾನ ನೋಡ ಹಲ್ಕಟ್ಟ. ಎದೀಮ್ಯಾಲ ಟಾವೆಲ್ ಬ್ಯಾರೆ ಕಟಗೊಂಡಾನ" ಎಂದು ಮುಂದಿನ ಸೀಟಿನ ಅಜ್ಜಿ.

"ಕುಡದಿಲ್ಲಬೇ ಆಯಿ, ಹಲ್ಲಿಗೆ ಸೂಜಿ ಮಾಡೇವಿ" ಎಂದರು ಪದ್ಮಕ್ಕ, ಏದುಸಿರು ಬಿಡುತ್ತ. ಪೈಲವಾನನ ಪಕ್ಕದಲ್ಲಿ ಉಳಿದಿದ್ದ ಎರಡು ಬೊಗಸೆ ಜಾಗದಲ್ಲಿ ಕೂತರು. "ಮೂರ ರಾಯಬಾಗ ಕೊಡಪ್ಪಾ" ಎಂದು ಕಂಡಕ್ಟರಿಗೆ ಹೇಳಿದರು.

ಪೈಲವಾನ ಗಾಬರಿಯಾಗಿ, "ನೀವ್ಯಾಕ?" ಎಂಬಂತೆ ಕಣ್ಣಲ್ಲೇ ಕೇಳಿದ.

"ಜೋಮು ಇಳದ ಮ್ಯಾಲ ನಿನಗ ಮತ್ತ ನೋವು ಶುರು ಆಗತೈತಲ್ಲ, ಬಾಜೂಕ ಯಾರರ ಬೇಕಲ್ಲಪಾ. ಇಲ್ಲೆ ಕುಂದರತೀನಿ. ನಿನ್ನ ಬಾಯಿ ಮುಟ್ಟಂಗಿಲ್ಲ, ಆಣಿ ಮಾಡಿ ಹೇಳತೀನಿ."

ಅವರು ನಿಜವಾಗಿಯೂ ಮುಟ್ಟಲಿಲ್ಲ. ಹಲ್ಲಿನ ಸುದ್ದಿಯನ್ನೂ ಎತ್ತಲಿಲ್ಲ. ಯಾವ ತಾಲೀಮಿನಲ್ಲಿ ಕಲಿತಿ, ಯಾರ ಜೋಡಿ ಕುಸ್ತಿ ಹಿಡಿದಿ, ದಿನಾ ಹಾಲು ಎಷ್ಟು ಕುಡಿತಿ ಎಂದು ಕೇಳುತ್ತ ಕೂತರು. ಸುದ್ದಿ ಎತ್ತಿದವರು ಬಸ್ಸಿನವರು. ಟಿಕೀಟು ಹರಿಯುತ್ತಿದ್ದ ಕಂಡಕ್ಟರ್, "ಅಕ್ಕಾರ, ನೀವ ಹತ್ತೀರಿ ಅಂತ ಕೇಳತೀನ್ರಿ, ತಣ್ಣನ್ನ ನೀರು ಕುಡದ್ರ ಜುಮ್ಮ ಅಂತೈತಿ" ಎಂದು ಬಾಯಿ ತೆರೆದ. ನನ್ನ ಕಿಸೆಯಲ್ಲಿದ್ದ ತೊಳೆದ ಕನ್ನಡಿ ಪದ್ಮಕ್ಕನ ಕೈಗೆ ಹೋಯಿತು. ಕಂಡಕ್ಟರಾದ ಮೇಲೆ ಅಜ್ಜಿ. ಅಜ್ಜಿಯ ಬಾಯಲ್ಲಿ ಕನ್ನಡಿ ಇಳಿಸದೆಯೇ ಎಲ್ಲ ಕಾಣುತ್ತಿತ್ತು. ಇದ್ದದ್ದೇ ಒಂದು ಹಲ್ಲು. "ಇದನ್ನ ಜ್ವಾಕಿ ಮಾಡಬೇ" ಎಂದರೆ, "ಯಾಕ, ಇದಕ್ಕ ಲಗ್ನಾ ಮಾಡೂದೈತೇನ?" ಎಂದಳು ಅಜ್ಜಿ. ಇಡೀ ಬಸ್ಸು ಘೊಳ್ಳೆಂದಿತು. ಒಬ್ಬೊಬ್ಬರಾಗಿ ಬಾಯಿ ತೆರೆದು ಕಾಯತೊಡಗಿದರು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಎಲ್ಲರ ಬಾಯಿಗಳೂ ಒಟ್ಟಿಗೆ ಟಪ್ಪೆಂದು ಮುಚ್ಚಿಕೊಳ್ಳುತ್ತಿದ್ದವು.

ಇದನ್ನೆಲ್ಲ ನೋಡುತ್ತ ಕೂತಿದ್ದ ಪೈಲವಾನನ ಮುಖವನ್ನು ನಾನು ಆಗ ಮೊದಲ ಸಲ ಸರಿಯಾಗಿ ನೋಡಿದೆ. ಗುಡ್ಡದಂಥ ಮೈಯ ಮೇಲೆ ಶಾಲೆಯ ಮೊದಲ ದಿನ ಬಾಗಿಲಲ್ಲಿ ನಿಂತ ಮಗುವಿನ ಮುಖವಿತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಪಕ್ಕದಲ್ಲಿ ನಿಂತು, "ನನಗೂ ಅಂಜಿಕಿ ಆಗಿತ್ತೋ ಸಿದ್ದಾ. ಅದಕ್ಕ ತಾಟ ಬಿತ್ತು" ಎಂದೆ. ಹೇಗೆ ಆ ಮಾತು ಬಾಯಿಂದ ಬಂತೋ ತಿಳಿಯದು. ಅವನು ನನ್ನನ್ನೇ ನೋಡಿದ. ಪಾಪ, ಇವನೂ ನಮ್ಮವನೇ ಎನ್ನುವ ಹಾಗೆ ನೋಡಿದ. ಆಮೇಲೆ ಎದ್ದು ಬಸ್ಸಿನ ಘಂಟೆಯ ಹಗ್ಗ ತಾನೇ ಎಳೆದ.

ಊರಾಚೆಯ ಸ್ಟಾಪಿನಲ್ಲಿ ಇಳಿದೆವು. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒದರಿಗಿದರೀಯಲೇ ಪೈಲವಾನಾ, ನಿಮ್ಮ ತಾಲೀಮಿನ ಮಾನ ಹೋಗತೈತಿ!" ಎಂದು ಬಸ್ಸು ಕಾಣೆಯಾಗುವವರೆಗೆ ಕೂಗಿದಳು. ಕಬ್ಬಿನ ಸೋಗೆ ಹೇರಿಕೊಂಡು ಬರುತ್ತಿದ್ದ ಟಂಟಂ ಗಾಡಿಯೊಂದನ್ನು ನಿಲ್ಲಿಸಿ, ಸೋಗೆಯ ಮೇಲೆ ಮೂವರೂ ಹತ್ತಿ ಕೂತು ಚಿಕ್ಕೋಡಿಗೆ ಮರಳಿದೆವು. ಜೋಮು ಇನ್ನೂ ಇಳಿದಿರಲಿಲ್ಲ. "ಇಂವ ನಿನ್ನ ಪಾಲಿನಂವ, ನೀನ ತಗಿ" ಎಂದು ಪದ್ಮಕ್ಕ ನನಗೇ ಹೇಳಿ, ತಮ್ಮ ಕುರ್ಚಿಯಲ್ಲಿ ಅಷ್ಟು ಹೊತ್ತೂ ಬಾಯಿ ಮುಚ್ಚಿ ಕೂತಿದ್ದವರ ಕಡೆ ಹೋದರು. ಪೈಲವಾನ ಮಾಲನಬಾಯಿಯ ಕೈ ಹಿಡಿದುಕೊಂಡ. ನಾನು ಅವನ ಕಣ್ಣು ನೋಡಿ, ತಲೆಯಾಡಿಸಿ, ಹಲ್ಲು ಎತ್ತಿದೆ. ಆಗ ದವಾಖಾನೆ ನಡುಗುವಂಥ ಚೀರಾಟ ಕೇಳಿತು. ಹೊರಗೆ ಪಾಳಿಗೆ ಕೂತಿದ್ದವರು ಚಪ್ಪಲಿ ಬಿಟ್ಟು ಓಡಿದರು. ಚೀರಿದ್ದು ಪೈಲವಾನನಲ್ಲ. ಪೈಲವಾನ ಹಿಡಿದ ಹಿಡಿತಕ್ಕೆ ಮಾಲನಬಾಯಿಯ ಬಳೆಗಳು ಪುಡಿಯಾಗಿದ್ದವು.

ಸಂಜೆ ಡಬ್ಬಿಯ ಮುಂದೆ ಕೂತಾಗ ಪದ್ಮಕ್ಕ ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡರು. ಆಮೇಲೆ ನನಗೆ ಹೇಳಿದರು: "ನೀ ಇಷ್ಟ ದಿನ ಹಲ್ಲ ಅಷ್ಟ ನೋಡತಿದ್ದಿ ತಮ್ಮಾ, ಮಾರಿ ನೋಡತಿರಲಿಲ್ಲ. ಹಲ್ಲಿಗೆ ಅಂಜಿಕಿ ಇರೂದಿಲ್ಲ." ಕೆಲಸ ಬಿಟ್ಟು ಊರಿಗೆ ಹೋಗಿ ಅಪ್ಪನ ಜೊತೆ ಹೊಲ ನೋಡಿಕೊಳ್ಳುವುದೆಂದು ಬೆಳಗ್ಗೆ ತಾಟು ಬಿದ್ದ ಗಳಿಗೆಯಲ್ಲಿ ನಾನು ನಿರ್ಧಾರ ಮಾಡಿದ್ದೆ. ಅದನ್ನು ಅವರಿಗೆ ಹೇಳಲೇ ಇಲ್ಲ. ಹೇಳುವ ಅಗತ್ಯವೂ ಆಮೇಲೆ ಬೀಳಲಿಲ್ಲ.

ಹೀಗೆ ವರ್ಷಗಳು ಹೋದವು. ಹೊಸ ಮಶಿನ್ನುಗಳು ಬಂದವು, ಹಲ್ಲಿನ ಫೋಟೋ ಗೋಡೆಯ ಟೀವಿಯಲ್ಲಿ ಕಾಣುವಂತಾಯಿತು, ರೋಗಿಗಳು ಮೊಬೈಲಿನಲ್ಲಿ ರೋಗ ಓದಿಕೊಂಡೇ ಬರತೊಡಗಿದರು. ಅಂಜಿಕೆ ಮಾತ್ರ ಹಳೆಯದೇ ಇತ್ತು. ಪದ್ಮಕ್ಕನ ಕೂದಲು ಪೂರಾ ಬೆಳ್ಳಗಾಯಿತು. ಒಂದು ಮಧ್ಯಾಹ್ನ ಅವರು ಮಣೆಯ ಮೇಲೆ ನಿಂತವರು ಇಕ್ಕಳವನ್ನು ಮೆತ್ತಗೆ ತಾಟಿನಲ್ಲಿಟ್ಟು ನನ್ನನ್ನು ಕರೆದರು. ಕುರ್ಚಿಯಲ್ಲಿದ್ದ ಹುಡುಗಿಗೆ, "ನನ್ನ ಕೈ ಇವತ್ತ ನನ್ನ ಮಾತ ಕೇಳವಲ್ದವ್ವಾ. ಇಂವ ನನ್ನ ತಮ್ಮ, ಛಲೋ ಮಾಡತಾನ" ಎಂದರು. ಬಲಗೈ ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿದ್ದವು. ಮರುದಿನ ಬೆಳಗಾವಿಯ ಡಾಕ್ಟರು ನೋಡಿ, ಜೀವಕ್ಕೇನೂ ಅಪಾಯವಿಲ್ಲ, ವಯಸ್ಸಿನ ನಡುಕ, ಪೂರ್ತಿ ಹೋಗುವುದಿಲ್ಲ ಎಂದರು.

ಅವತ್ತು ಸಂಜೆ ಡಬ್ಬಿ ಬಂತು. ಪದ್ಮಕ್ಕ ನಗಲಿಲ್ಲ. ಸಾರು ಬಟ್ಟಲಿನಿಂದ ಬಾಯಿಗೆ ಹೋಗುವಷ್ಟರಲ್ಲಿ ಸೀರೆಯ ಮೇಲೆ ಚೆಲ್ಲಿತು. ಮಾಸ್ತರರು ಅವರ ಸಾರಿಗೆ ರೊಟ್ಟಿ ಮುರಿದು ಹಾಕಿ ಕಲಸಿ ಕೊಟ್ಟರು. ನಾನೂ ಮಾಲನಬಾಯಿಯೂ ತಲೆ ಎತ್ತಲಿಲ್ಲ. ಇನ್ನು ಇವರು ಬರುವುದಿಲ್ಲ, ಮುಗಿಯಿತು ಎಂದುಕೊಂಡು ಮಲಗಿದೆ.

ಮರುದಿನ ನಾನು ಬರುವಷ್ಟರಲ್ಲಿ ಅವರು ಬಿಳಿ ಕೋಟು ತೊಟ್ಟು ತಯಾರಾಗಿದ್ದರು. "ಹಂಗ್ಯಾಕ ನೋಡತಿ? ಕೈ ಅಷ್ಟ ನಡಗತಾವ, ಬಾಯಿ ನಡಗಂಗಿಲ್ಲ. ನಾ ಮಾತಾಡತೀನಿ, ನೀ ಕೀಳ" ಎಂದರು.

ರೋಗಿಗಳ ಕೈ ಹಿಡಿಯುವ ಮಾಲನಬಾಯಿಯ ಕೆಲಸವನ್ನು ಅವರು ತಮಗೆ ಎಳೆದುಕೊಂಡರು. ಬಳೆ ಒಡೆದ ನೆನಪು ಇನ್ನೂ ಹೋಗಿರದ ಮಾಲನಬಾಯಿ ಖುಷಿಯಿಂದಲೇ ಬಿಟ್ಟುಕೊಟ್ಟಳು. ಮೊದಲು ಬಂದವನು ಕಾಗವಾಡ ಕಡೆಯ ಕಬ್ಬಿನ ಲಾರಿಯ ಡ್ರೈವರ್. ಕುರ್ಚಿಯಲ್ಲಿ ಕೂರುವಾಗಲೇ ಅವನ ಮುಖ ಬೂದಿಯಾಗಿತ್ತು. ಪದ್ಮಕ್ಕ ಅವನ ಕೈ ಹಿಡಿದರು. ಅವನು ಆ ಕೈ ನೋಡಿದ, ಅವರ ಮುಖ ನೋಡಿದ, ಮತ್ತೆ ಕೈ ನೋಡಿದ.

"ಅಕ್ಕಾರ, ನೀವ್ಯಾಕ ನಡಗಾಕತ್ತೀರಿ? ಹಲ್ಲ ನಂದೈತಿ."

"ಏನೋಪಾ, ನಡಗತಾವ" ಎಂದರು ಪದ್ಮಕ್ಕ.

ಡ್ರೈವರ್ ತನ್ನ ಇನ್ನೊಂದು ಕೈಯನ್ನೂ ಅವರ ಕೈಯ ಮೇಲಿಟ್ಟ. "ಅಂಜಬ್ಯಾಡ್ರಿ. ಏನೂ ಆಗಂಗಿಲ್ಲ. ಸರ್ ಛಲೋ ಮಾಡತಾರಂತ. ನೀವು ಆ ಕಡೆ ನೋಡ್ರಿ ಬೇಕಾದ್ರ, ರಕ್ತಾ ಗಿಕ್ತಾ ನೋಡಬ್ಯಾಡ್ರಿ." ಹೀಗೆ ಅವನು ಅವರಿಗೆ ಸಮಾಧಾನ ಹೇಳುತ್ತಿರುವಾಗಲೇ ನಾನು ಸೂಜಿ ಮಾಡಿದೆ. ಜೋಮು ಹಿಡಿಯುವವರೆಗೆ ತೊದಲುತ್ತಲೇ ಅವರಿಗೆ ಧೈರ್ಯ ಹೇಳಿದ. ಹಲ್ಲು ಬಂದಾಗಲೂ ಅವನ ಗಮನವೆಲ್ಲ ಅವರ ಮೇಲೆಯೇ ಇತ್ತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, "ಅಕ್ಕಾರ್ನ ಜ್ವಾಕಿ ಮಾಡ್ರಿ, ಭಾಳ ಅಂಜೂ ಸ್ವಭಾವ ಐತಿ" ಎಂದು ಹೇಳಿ ಹೋದ.

ಪದ್ಮಕ್ಕ ಹೊರಗಿನ ಬಾಕಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಜಲ್ಮಪೂರ್ತಿ ಅಂಜಬ್ಯಾಡ್ರಿ ಅಂಜಬ್ಯಾಡ್ರಿ ಅಂತ ಒದರೇ ಒದರಿದೆ, ಒಬ್ಬರರ ಕೇಳಿದ್ರೇನ? ಈಗ ನನಗ ಧೈರ್ಯ ಹೇಳಬೇಕಂತ ಅವರ ಗಟ್ಟ್ಯಾಗಾಕತ್ತಾರ! ಈ ನಡುಕ ಮೊದಲ ಬರಬೇಕಿತ್ತ ನೋಡ ತಮ್ಮಾ!" ಅದೇ ಅಲ್ಲಿಂದ ಮುಂದಿನ ಪದ್ಧತಿಯಾಯಿತು. ನಡುಕ ಅಂಜಿಕೆಯದಲ್ಲ, ವಯಸ್ಸಿನದು ಎಂದು ಅವರಿಗೆ ಹೇಳಬೇಡವೇ ಎಂದು ನಾನು ಕೇಳಿದರೆ, "ಕೇಳಿದ್ರ ಹೇಳತೀನಿ, ಸುಳ್ಳ ಹೇಳಾಂಗಿಲ್ಲ. ಯಾರೂ ಕೇಳಂಗಿಲ್ಲ" ಎನ್ನುವರು. ಶಾಲೆಯ ಮಕ್ಕಳು, ಬಸುರಿಯರು, ಲೆಕ್ಕಪತ್ರ ನೋಡುವ ಸಾಹೇಬರು, ಎಲ್ಲರೂ ಅವರಿಗೆ ಧೈರ್ಯ ಹೇಳಿದರು. ಒಬ್ಬ ಪುಟ್ಟ ಹುಡುಗಿ ತನ್ನ ಪೆಪ್ಪರಮಿಂಟನ್ನು ಅವರ ಬಾಯಿಗೆ ಹಾಕಿ, ಆಮೇಲೆ ತಾನು ಬಾಯಿ ತೆರೆದಳು. ಹಲ್ಲಿನ ದವಾಖಾನೆಯಲ್ಲಿ ಪೆಪ್ಪರಮಿಂಟು! ಪದ್ಮಕ್ಕ ಮುಖ ಗಂಭೀರ ಮಾಡಿಕೊಂಡು ಅದನ್ನು ಚೀಪಿದರು.

ಮಾಸ್ತರರಿಗೆ ಅಥಣಿಯಲ್ಲಿ ಅಣ್ಣತಮ್ಮಂದಿರ ತುಂಬಿದ ಮನೆಯಿತ್ತು. ಚಿಕ್ಕೋಡಿಯ ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಇಬ್ಬರಿಗೂ ಕಷ್ಟವಾದಾಗ ಅಲ್ಲಿಗೆ ಹೋದರು. ದವಾಖಾನೆಯನ್ನು ನನಗೆ ಬಿಟ್ಟುಕೊಟ್ಟರು. ಹೋದ ವರ್ಷ ಚಳಿಗಾಲದಲ್ಲಿ ನಾನೂ ಮಾಲನಬಾಯಿಯೂ ನೋಡಿಕೊಂಡು ಬರಲು ಹೋಗಿದ್ದೆವು. ಓಣಿಗೆ ಕಾಲಿಟ್ಟ ಕೂಡಲೇ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಗಡಬಡಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪದ್ಮಕ್ಕ ಬಂದರೆಂದು ತಿಳಿದಿದ್ದರಂತೆ. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಮಿಶ್ರಿಯ ಚಟ; ತಂಬಾಕನ್ನು ಸುಟ್ಟು ಪುಡಿಮಾಡಿ ಹಲ್ಲಿಗೆ ತಿಕ್ಕಿಕೊಂಡು ಗಂಟೆಗಟ್ಟಲೆ ಕೂತುಬಿಡುತ್ತಾರೆ. ಪದ್ಮಕ್ಕ ಅಥಣಿಗೆ ಬಂದವರೇ ಓಣಿಯ ಮಿಶ್ರಿಯ ಡಬ್ಬಿಗಳ ಮೇಲೆ ಯುದ್ಧ ಸಾರಿದ್ದರು.

"ನಿನ್ನೆ ಒಬ್ಬಾಕಿ ಡಬ್ಬಿ ಕಸಗೊಂಡೇನಿ" ಎಂದು ನಡುಗುವ ಕೈಯಲ್ಲಿ ನಮಗೆ ತೋರಿಸಿದರು. "ಇವತ್ತ ಮುಂಜಾನೆ ಆಕೀ ಅತ್ತಿ ಬಂದ್ಳು. ನಾ ಅಂದ್ರ ಜಗಳಾ ಮಾಡಾಕ ಬಂದಾಳ ಅನಕೊಂಡಿನಿ. ಅದು ಅತ್ತೀ ಡಬ್ಬಿ ಅಂತ! ಸೊಸಿ ಕದ್ದ ತಿಕ್ಕತಿದ್ದಳಂತ!"

ಮಾಸ್ತರರು ಅವತ್ತು ಹಲ್ಲು ಕಾಣುವಂತೆ ನಕ್ಕರು. ಚಂದದ ಹಲ್ಲುಗಳಿದ್ದವು. ಊಟ ಮಾಡಿಸಿ, ಹೊತ್ತು ಮುಳುಗುವ ಮೊದಲೇ ನಮ್ಮನ್ನು ಬಸ್ಸಿಗೆ ಕಳಿಸಿದರು. ಪದ್ಮಕ್ಕ ಓಣಿಯ ತುದಿಯವರೆಗೆ ಬಂದು, "ಹೋಗಿ ಬರ್ರಿ. ಆ ಕೊಕಟನೂರಿನ ಗಂಗವ್ವ ಬಂದ್ರ ಗಟ್ಟಿಸಿ ಬೈಯಿ, ಭಾಳ ಮಿಶ್ರಿ ತಿಕ್ಕತಾಳ, ವಸಡ ಎಲ್ಲಾ ಹಾಳ ಮಾಡಕೊಂಡಾಳ" ಎಂದು ಹೇಳಿದರು. ಅದು ಅವರು ನನಗೆ ಹೇಳಿದ ಕೊನೆಯ ಮಾತು. ಬೇಸಿಗೆ ಶುರುವಾಗುವ ಹೊತ್ತಿಗೆ, ಮಧ್ಯಾಹ್ನ ಒರಗಿಕೊಂಡು ಕೂತಲ್ಲೇ ಹೋಗಿಬಿಟ್ಟರು. ಮಾಸ್ತರರು ಫೋನು ಮಾಡಿದರು. ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಕೆಲವು ದಿನ ದವಾಖಾನೆ ಮುಚ್ಚಿ ಮತ್ತೆ ತೆರೆದೆವು. ತೆರೆದ ದಿನವೇ ಗಂಗವ್ವ ಬಂದಳು. ಕೊಕಟನೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳಿಗೆ ಸುದ್ದಿ ಗೊತ್ತಿರಲಿಲ್ಲ. "ಅಕ್ಕಾರ ಬಂದಾರೇನ್ರಿ? ಅಥಣಿಯಾಗ ಅವರ ಮನಿ ಎಲ್ಲೈತೋ ನನಗ ಗೊತ್ತಿಲ್ಲ, ಆಗಾಗ ಇಲ್ಲಿಗೆ ಬರತಾರ ಅಂದಿದ್ರಲ್ಲ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಕೇಳಿದಳು. ಮಾಲನಬಾಯಿ ಹೇಳಲು ಹೋಗಿ ಆಗದೆ ಒಳಗೆ ಹೋದಳು. ನಾನೇ ಹೇಳಿದೆ.

ಗಂಗವ್ವ ಬಾಕಿನ ಮೇಲೆ ಕೂತಳು.

"ಹಲ್ಲ ನೋಯಾಕತ್ತೈತೇನಬೇ?" ಎಂದು ಕೇಳಿದೆ.

"ಇಲ್ರಿ ಸಾಹೇಬ್ರ, ಏನೂ ನೋವಿಲ್ಲ" ಎಂದಳು. "ಮಿಶ್ರಿ ಬಿಟ್ಟೇನ್ರಿ. ದೀಪಾವಳಿಯಿಂದ ಮುಟ್ಟಿಲ್ಲ. ಅಕ್ಕಾರಿಗೆ ತೋರಸಬೇಕಂತ ಬಂದಿದ್ದೆ. ಈಗ ಯಾರಿಗೆ ತೋರಸಲ್ರಿ?"

ಮಾಲನಬಾಯಿ ಕಣ್ಣೊರೆಸಿಕೊಂಡು ಒಳಗಿಂದ ಬಂದು ನನ್ನ ಪಕ್ಕ ನಿಂತಳು. "ನಮಗ ತೋರಸಬೇ" ಎಂದೆ.

ಅವಳು ಸೆರಗು ಸರಿಸಿದಳು. ನಾಚಿಕೊಂಡು, ಅಳುತ್ತಲೇ, ತುಟಿ ಬಿಚ್ಚಿ ಅಷ್ಟೂ ಹಲ್ಲು ಕಾಣುವಂತೆ ನಕ್ಕಳು.